ಗ್ರಾಫೈಟ್ ಹಾಕಿದ ಟೈಟಾನಿಯಂ ಅಲ್ಯೂಮಿನೈಡ್ ಎರಕದಲ್ಲಿ ಪದರುಗಳು ಎಲ್ಲಿ ಹೋದವು?

ಉದ್ಯಮಬಾಗದ ಎರಕದವ:
ಮಾನ್ಯರೇ, ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಆರು ವರ್ಷ ಎಸ್‌ಜಿ ಐರನ್ (ಗ್ರಾಫೈಟ್ ಗುಂಡುಗಳಿರುವ ಎರಕದ ಕಬ್ಬಿಣ) ಎರಕದ ಕೆಲಸ ಮಾಡಿ, ಈಗ ಸ್ನಾತಕೋತ್ತರ ಪದವಿಗಾಗಿ ಕಾರ್ಬೈಡ್ ಬೆರೆತ ಟೈಟಾನಿಯಂ ಅಲ್ಯೂಮಿನೈಡ್ (ಟೈಟಾನಿಯಂ-ಅಲ್ಯೂಮಿನಿಯಂ ಮಿಶ್ರಲೋಹ) ಕಾಂಪೋಸಿಟ್ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಶೇ. 48 ಪರಮಾಣು ಅಲ್ಯೂಮಿನಿಯಂ ಇರುವ ಮಿಶ್ರಲೋಹದಲ್ಲಿ ತಲಾ 40 ಗ್ರಾಂ ತೂಕದ, ಗುಂಡಿಯಾಕಾರದ ಎರಡು ಬಟನ್‌ಗಳನ್ನು ಆರ್ಗಾನ್ ತುಂಬಿದ ಆರ್ಕ್ ಕುಲುಮೆಯಲ್ಲಿ ಕರಗಿಸಿದೆವು. ಒಂದಕ್ಕೆ 2.5 ಗ್ರಾಂ ಟೈಟಾನಿಯಂ ಕಾರ್ಬೈಡ್ ಪುಡಿಯನ್ನೂ, ಇನ್ನೊಂದಕ್ಕೆ ಅಷ್ಟೇ ಇಂಗಾಲ ಬರುವಂತೆ ಅರ್ಧ ಗ್ರಾಂ ಗ್ರಾಫೈಟನ್ನೂ ಹಾಕಿದ್ದೆವು.

ಮೊದಲನೆಯದರಲ್ಲಿ ಗಾಮಾ (TiAl) ಮತ್ತು ಟೈಟಾನಿಯಂ ಹೆಚ್ಚಿರುವ ಆಲ್ಫಾ-2 (Ti₃Al) ಹಂತಗಳ ಪದರುರಚನೆ ಸ್ಪಷ್ಟವಾಗಿದೆ. ನಡುನಡುವೆ ಮುರಿದ ಶ್ಯಾವಿಗೆಯಂತಹ ಕಡ್ಡಿಗಳಿವೆ, ಕೆಲವು ಕಡ್ಡಿಗಳ ಒಡಲಲ್ಲಿ ದುಂಡಗಿನ ಬೇರೆಯೇ ಕಣವೊಂದು ಕಾಣುತ್ತದೆ. ಎರಡನೆಯದರಲ್ಲಿ ಕಡ್ಡಿಗಳೇನೋ ಇವೆ, ಆದರೆ ಪದರುಗಳು ಬಹುತೇಕ ಮಾಯವಾಗಿ ಬರೀ ಗಾಮಾ ಕಣಗಳು ಉಳಿದಿವೆ. ಇಂಗಾಲ ಎರಡರಲ್ಲೂ ಒಂದೇ ಪ್ರಮಾಣದಲ್ಲಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ಇದನ್ನೇ ನಮ್ಮಲ್ಲಿರುವಂತಹ ಇಂಡಕ್ಷನ್ ಕುಲುಮೆಯಲ್ಲಿ ಕರಗಿಸಬಹುದೇ?

ಲೋಹಶಾಸ್ತ್ರದ ಉಪನ್ಯಾಸಕಿ, ವಿಜಯಪುರ:
ಮೊದಲು ಆ ಕಡ್ಡಿಗಳ ವಿಷಯ. ಅವು ನೀವು ಹಾಕಿದ ಟೈಟಾನಿಯಂ ಕಾರ್ಬೈಡ್ ಅಲ್ಲ. ಎರಡು ಪಾಲು ಟೈಟಾನಿಯಂ, ಒಂದು ಪಾಲು ಅಲ್ಯೂಮಿನಿಯಂ, ಒಂದು ಪಾಲು ಇಂಗಾಲ ಸೇರಿದ Ti₂AlC. ದ್ರವ ತಣಿಯುವಾಗ ಮೊದಲು ಹುಟ್ಟುವುದು ಟೈಟಾನಿಯಂ ಕಾರ್ಬೈಡ್. ಆಮೇಲೆ ಸುತ್ತಲಿನ ದ್ರವ ಅದರೊಂದಿಗೆ ವರ್ತಿಸಿ ಹೊರಮೈಯಿಂದ ಒಳಕ್ಕೆ ಅದನ್ನು Ti₂AlC ಆಗಿ ಮಾರ್ಪಡಿಸುತ್ತದೆ. ಹೊರಕವಚ ದಪ್ಪವಾದಷ್ಟೂ ಪರಮಾಣುಗಳು ಅದನ್ನು ದಾಟುವುದು ನಿಧಾನವಾಗುತ್ತದೆ. ಬಟನ್ ತಾಮ್ರದ ತಳದ ಮೇಲೆ ಬೇಗ ತಣಿಯುವುದರಿಂದ ಕೆಲಸ ಅರ್ಧಕ್ಕೇ ನಿಂತು ತಿರುಳು ಹಾಗೆಯೇ ಉಳಿಯುತ್ತದೆ. ನೀವು ಕಂಡ ದುಂಡಗಿನ ಕಣ ಬಹುಶಃ ಅದೇ. ಎಕ್ಸ್‌ರೇ ವಿವರ್ತನದಲ್ಲಿ ಎರಡೂ ಹಂತಗಳ ಗೆರೆಗಳಿವೆಯೇ ಎಂದು ನೋಡಿರಿ.

ಇನ್ನು ಪದರುಗಳ ಪ್ರಶ್ನೆಯನ್ನು ಲೆಕ್ಕ ಹಾಕಿಯೇ ಬಿಡಿಸಬೇಕು. ನೂರು ಲೋಹ ಪರಮಾಣುಗಳಲ್ಲಿ 52 ಟೈಟಾನಿಯಂ, 48 ಅಲ್ಯೂಮಿನಿಯಂ ಎಂದುಕೊಳ್ಳಿ; ನಿಮ್ಮ ತೂಕದ ಪ್ರಕಾರ ಇಂಗಾಲ ಸುಮಾರು 4 ಪರಮಾಣು. ಟೈಟಾನಿಯಂ ಕಾರ್ಬೈಡ್ ತನ್ನ ಟೈಟಾನಿಯಂ ಅನ್ನು ತಾನೇ ತಂದಿರುವುದರಿಂದ ಮಾತೃಲೋಹದಿಂದ 4 ಟೈಟಾನಿಯಂ, 4 ಅಲ್ಯೂಮಿನಿಯಂ ಮಾತ್ರ ತೆಗೆದುಕೊಳ್ಳುತ್ತದೆ. ಉಳಿಯುವುದು 48ಕ್ಕೆ 44, ಅಂದರೆ ಅಲ್ಯೂಮಿನಿಯಂ ಶೇ. 47.8. ಗ್ರಾಫೈಟ್ ಬರಿಗೈಯಲ್ಲಿ ಬರುತ್ತದೆ. ಅದು 8 ಟೈಟಾನಿಯಂ, 4 ಅಲ್ಯೂಮಿನಿಯಂ ನುಂಗುತ್ತದೆ. ಉಳಿಯುವುದು 44ಕ್ಕೆ 44, ಸರಿಯಾಗಿ ಶೇ. 50. ಅಷ್ಟು ಅಲ್ಯೂಮಿನಿಯಂ ಇರುವಲ್ಲಿ ಆಲ್ಫಾ-2ಗೆ ಜಾಗವೇ ಇರುವುದಿಲ್ಲ, ಅದಿಲ್ಲದೆ ಪದರು ಕಟ್ಟುವುದೂ ಇಲ್ಲ. ಸ್ವಲ್ಪ ಇಂಗಾಲ ಲೋಹದಲ್ಲೇ ಕರಗಿ ಉಳಿಯುವುದರಿಂದ ನಿಜವಾದ ಅಂಕಿಗಳು ತುಸು ಬೇರೆಯಾಗಬಹುದು, ದಿಕ್ಕು ಮಾತ್ರ ಇದೇ. ಗ್ರಾಫೈಟ್ ಬಟನ್‌ಗೆ ಆ ಕೊರತೆಯ 4 ಟೈಟಾನಿಯಂ ತುಂಬುವಂತೆ 2 ಗ್ರಾಂ ಟೈಟಾನಿಯಂ ಹೆಚ್ಚಿಗೆ ಹಾಕಿ ಮತ್ತೊಮ್ಮೆ ಕರಗಿಸಿರಿ.

ನಿವೃತ್ತ ಫೌಂಡ್ರಿ ಮೇಸ್ತ್ರಿ, ಬೆಳಗಾವಿ:
ತಮ್ಮಾ, ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ನಮ್ಮ ಕುಲುಮೆಯಲ್ಲಿ ಬೇಡ. ಈ ಲೋಹ ಕರಗುವುದು 1450ರಿಂದ 1500 ಡಿಗ್ರಿಯ ಆಸುಪಾಸಿನಲ್ಲಿ. ಉಕ್ಕು ಕರಗಿಸಿದವರಿಗೆ ಅದೇನು ದೊಡ್ಡ ಶಾಖವಲ್ಲ. ತೊಂದರೆ ಇರುವುದು ಕುಲುಮೆಯ ಒಳಮೈಯ ಸಿಲಿಕಾ ಲೈನಿಂಗ್‌ನಲ್ಲಿ. ಕರಗಿದ ಟೈಟಾನಿಯಂ ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಮೊದಲೇ ಬಿರುಸಾದ ಈ ಲೋಹ ಇನ್ನಷ್ಟು ಬಿರುಸಾಗುತ್ತದೆ. ತೆರೆದ ಗಾಳಿಯಲ್ಲಂತೂ ಕರಗಿಸುವ ಮಾತೇ ಇಲ್ಲ. ಅದಕ್ಕೇ ನೀರು ಹರಿಯುವ ತಾಮ್ರದ ಮೂಸೆಯಲ್ಲಿ, ನಿರ್ವಾತದಲ್ಲೋ ಆರ್ಗಾನ್‌ನಲ್ಲೋ, ಲೋಹದ್ದೇ ಹೆಪ್ಪುಗಟ್ಟಿದ ಚಿಪ್ಪಿನೊಳಗೆ ಅದನ್ನು ಕರಗಿಸುತ್ತಾರೆ. ಆ ಮೂಸೆ ಶಾಖವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಲೋಹವನ್ನು ಬಹಳ ಕಾಯಿಸಲಾಗುವುದಿಲ್ಲ. ತೆಳುವಾದ ಭಾಗ ತುಂಬುವ ಮೊದಲೇ ಲೋಹ ಕಟ್ಟಿಕೊಳ್ಳುತ್ತದೆ. ಅಚ್ಚನ್ನು ಕಾಯಿಸಿಕೊಳ್ಳುವುದು, ತಿರುಗಿಸುತ್ತಾ ಸುರಿಯುವುದು ಅದಕ್ಕಾಗಿಯೇ.

ಗ್ರಾಫೈಟ್ ಮೂಸೆಯಲ್ಲಿ ಕರಗಿಸುವವರೂ ಇದ್ದಾರೆ. ಇಂಗಾಲ ಬೇಕಾದ ಲೋಹವೇ ಆದ್ದರಿಂದ ಅದು ತಪ್ಪಲ್ಲ, ಆದರೆ ಮೂಸೆಯಿಂದ ಎಷ್ಟು ಇಂಗಾಲ ಬಂತೆಂಬುದನ್ನು ಪ್ರತಿ ಸಲ ಕರಗಿಸಿದಾಗಲೂ ಅಳೆಯಬೇಕಾಗುತ್ತದೆ. ಮೇಡಂ ಹೇಳಿದ ಲೆಕ್ಕ ಅಲ್ಲಿಯೂ ನಿಮ್ಮನ್ನು ಬಿಡುವುದಿಲ್ಲ.

ಬಾಗಲಕೋಟೆಯ ಸಂಶೋಧನಾ ವಿದ್ಯಾರ್ಥಿ:
ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಒಂದು ಸಂದೇಹ: ಪುಡಿಯನ್ನು ಹಾಗೆಯೇ ಸುರಿದಿದ್ದರೆ ಆರ್ಕ್ ತಾಗಿದೊಡನೆ ಅರ್ಧ ಹಾರಿಹೋಗಿರುತ್ತದೆ. ಅಲ್ಯೂಮಿನಿಯಂ ಸಹ ಆವಿಯಾಗುತ್ತದೆ. ಕರಗಿಸುವ ಮೊದಲು ಮತ್ತು ನಂತರದ ತೂಕ ಬರೆದಿಟ್ಟಿದ್ದೀರಾ? ಬಟನ್ ಅನ್ನು ಎಷ್ಟು ಸಲ ಮಗುಚಿ ಕರಗಿಸಿದಿರಿ?

ಉದ್ಯಮಬಾಗದ ಎರಕದವ:
ತಮ್ಮೆಲ್ಲರಿಗೂ ಧನ್ಯವಾದಗಳು. ಪುಡಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಹಾಳೆಯ ತೂಕವನ್ನೂ ಲೆಕ್ಕಕ್ಕೆ ಹಿಡಿದು, ಅಡಿಯಲ್ಲಿ ಇಟ್ಟಿದ್ದೆವು. ಐದು ಸಲ ಮಗುಚಿದ್ದೇವೆ, ಎರಡೂ ಬಟನ್‌ಗಳ ತೂಕದಲ್ಲಿ ನಷ್ಟ 0.2 ಗ್ರಾಂಗಿಂತ ಕಡಿಮೆ. ಆ 0.2 ಗ್ರಾಂ ಇಡಿಯಾಗಿ ಅಲ್ಯೂಮಿನಿಯಂ ಎಂದೇ ಹಿಡಿದರೂ ಅದರ ಪಾಲು ಕುಗ್ಗಬೇಕು, ಪದರು ಹೆಚ್ಚಬೇಕು. ಕಂಡಿರುವುದು ಅದಕ್ಕೆ ತದ್ವಿರುದ್ಧ. ಆದ್ದರಿಂದ ಮೇಡಂ ಅವರ ಲೆಕ್ಕವೇ ಸರಿ ಎನ್ನಿಸುತ್ತದೆ. ತಮಾಷೆಯೆಂದರೆ, ಅರ್ಧ ಗ್ರಾಂ ಗ್ರಾಫೈಟ್ ಮತ್ತು 2 ಗ್ರಾಂ ಟೈಟಾನಿಯಂ ಸೇರಿದರೆ ನಾನು ಮೊದಲ ಬಟನ್‌ಗೆ ಹಾಕಿದ ಅದೇ 2.5 ಗ್ರಾಂ ಆಗುತ್ತದೆ. ತಕ್ಕಡಿ ಇದನ್ನು ಮೊದಲ ದಿನವೇ ತೋರಿಸಿತ್ತು, ನಾನು ನೋಡಿರಲಿಲ್ಲ. ಮೂರನೆಯ ಬಟನ್‌ಗೆ ಸೋಮವಾರ ಕುಲುಮೆ ಸಿಗುತ್ತದೆ.