ಮಗು ಬೆನ್ನಲ್ಲಿ ನೀಲಿ ಕಲೆ, ಕಣ್ಣಿನ ಹತ್ರ ಕೆಂಪು ಮಚ್ಚೆ, ಯಾವ್ದಕ್ಕೆ ಭಯ ಪಡ್ಬೇಕು?

ಬಾಣಂತಿ_ಮದ್ದೂರು:
ಎಲ್ರಿಗೂ ನಮಸ್ಕಾರ. ಮೊದಲನೇ ಮಗು, ಗಂಡು, ಎರಡೂವರೆ ತಿಂಗಳು. ಡೆಲಿವರಿ ಮೈಸೂರಲ್ಲಿ ಆಯ್ತು, ಈಗ ಬಾಣಂತನಕ್ಕೆ ಮದ್ದೂರ ಹತ್ರ ಅಮ್ಮನ ಮನೇಲಿದೀನಿ. ಹುಟ್ಟಿದಾಗ್ಲೇ ಅವನ ಸೊಂಟದಿಂದ ಕೆಳಗೆ ಕುಂಡಿ ಮೇಲೆಲ್ಲಾ ನೀಲಿ ಕಲೆ ಇತ್ತು, ನನ್ನ ಅಂಗೈ ಅಗಲ, ನೇರಳೆ ಹಣ್ಣು ತಿಂದ ಕೈ ಒರೆಸ್ದಂಗೆ. ಅಜ್ಜಿ ದಿನಾ ನೀರು ಹಾಕುವಾಗ ಕಡ್ಲೆಹಿಟ್ಟು ಹಾಕಿ ಅಲ್ಲೇ ತಿಕ್ತಾರೆ, ಮಗು ಕಿರುಚ್ಕೊಳ್ಳುತ್ತೆ, ಕಲೆ ಹಂಗೇ ಇದೆ. 2025 ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ನಾನು ಸೊಂಟ ನೋವು ಅಂತ ಕೈ ಇಟ್ಟು ಉಜ್ಕೊಂಡೆ, ಅದಕ್ಕೇ ಬಂತು ಅಂತ ಅಜ್ಜಿ ವಾದ. ಮೊನ್ನೆ ನಾದಿನಿ ಡೈಪರ್ ಬದಲಾಯ್ಸುವಾಗ ನೋಡಿ "ಯಾರು ಹೊಡೆದ್ರು ಇವನ್ಗೆ" ಅಂದುಬಿಟ್ಳು, ಅವತ್ತು ರಾತ್ರಿ ನಂಗೆ ನಿದ್ದೆ ಇಲ್ಲ.

ಇನ್ನೊಂದು ಸಣ್ಣ ವಿಷ್ಯ. ಎಡಗಣ್ಣಿನ ಹುಬ್ಬಿನ ಕೆಳಗೆ, ಮೇಲ್ರೆಪ್ಪೆ ಶುರುವಾಗೋ ಜಾಗದಲ್ಲಿ ಒಂದು ಕೆಂಪು ಮಚ್ಚೆ. ಇದು ಹುಟ್ಟುವಾಗ ಇರ್ಲಿಲ್ಲ, ಮೂರನೇ ವಾರದಲ್ಲಿ ಸೊಳ್ಳೆ ಕಚ್ಚಿದಂಗೆ ಕಾಣಿಸ್ತು (ನಾಲೆ ಪಕ್ಕದ ಮನೆ, ಸೊಳ್ಳೆಗೇನ್ ಬರ), ಈಗ ಉಬ್ಬಿ ಅವರೆಕಾಳಿನಷ್ಟಾಗಿದೆ. ಮನೇಲಿ ಎಲ್ರೂ ದೇವರೇ ಇಟ್ಟ ಕುಂಕುಮ ಅಂತ ಖುಷಿ. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ಡಾಕ್ಟ್ರಿಗೆ ಬೆನ್ನು ತೋರಿಸ್ದೆ, ತಾನೇ ಹೋಗುತ್ತೆ ಬಿಡಿ ಅಂದ್ರು. ಟೋಪಿ ಹುಬ್ಬಿನ ತನಕ ಎಳೆದಿದ್ದೆ, ಕೆಂಪುದ್ದು ಕೇಳೋದು ಮರ್ತೋಯ್ತು. ಬೆನ್ನಿನದಕ್ಕೆ ಏನಾದ್ರೂ ಕ್ರೀಮ್ ಇದ್ರೆ ಹೇಳಿ ಪ್ಲೀಸ್.

ಪಾಂಡವಪುರದವ್ವ:
ತಲೆ ಕೆಡುಸ್ಕಬ್ಯಾಡ ಕಣವ್ವ. ನನ್ ಎರಡು ಮಕ್ಳಿಗೂವೆ ಇದೇ ನೀಲಿ ಇತ್ತು, ದೊಡ್ಡೋನ್ಗೆ ಭುಜದ್ ಮ್ಯಾಲೂ ಇತ್ತು. ಈಗ ಅವ್ನಿಗೆ ಆರು ವರ್ಸ, ಹುಡುಕುದ್ರೂ ಸಿಗಕಿಲ್ಲ. ಗ್ರಹಣದ್ ಮಾತು ಕೇಳಿ ನಗು ಬಂತು, ಚಿಕ್ಕೋಳು ಹೊಟ್ಟೇಲಿದ್ದಾಗ ಗ್ರಹಣ ಬಂತು ಅಂತ ನಮ್ಮತ್ತೆ ನನ್ನ ಕತ್ಲೆ ರೂಮಲ್ಲಿ ದರ್ಭೆ ಕೊಟ್ಟು ಕೂರ್ಸಿ ಕೈಕಾಲು ಅಲ್ಲಾಡ್ಸಕ್ಕೂ ಬುಡ್ಲಿಲ್ಲ, ಒಂದಕ್ಕೆ ಹೋಗಕ್ಕೂ ಕೇಳಿ ಹೋಗ್ಬೇಕಿತ್ತು, ಆದ್ರೂವೆ ಅವ್ಳಿಗೆ ಅಣ್ಣನ್ಗಿಂತ ದೊಡ್ಡ ಕಲೆ! ಮೊದ್ಲು ಆ ಕಡ್ಲೆಹಿಟ್ಟು ತಿಕ್ಕದು ನಿಲ್ಸು, ಎಳೇ ಚರ್ಮ ಕಿತ್ತೋಯ್ತದೆ.

ಸ್ಕಿನ್_ಓಪಿಡಿ_ಸಿಸ್ಟರ್:
ಮೈಸೂರಲ್ಲಿ ಚರ್ಮದ ವಿಭಾಗದಲ್ಲಿ ನರ್ಸ್ ನಾನು, ಡಾಕ್ಟ್ರಲ್ಲ. ನಿಮ್ಮ ಪೋಸ್ಟ್ ಓದಿ ಅನ್ಸಿದ್ದು, ನೀವು ಭಯ ಪಡ್ತಿರೋದು ತಪ್ಪು ಮಚ್ಚೆಗೆ.

ನೀಲಿದಕ್ಕೆ ಕ್ರೀಮೂ ಬೇಡ ಏನೂ ಬೇಡ. ಮಂಗೋಲಿಯನ್ ಸ್ಪಾಟ್ ಅಂತಿದ್ರು, ಈಗ ಡರ್ಮಲ್ ಮೆಲನೋಸೈಟೋಸಿಸ್ ಅಂತ ಬರೀತಾರೆ, ನಮ್ಮ ಕಡೆ ಮಕ್ಕಳಲ್ಲಿ ತುಂಬಾ ಕಾಮನ್. ಚರ್ಮಕ್ಕೆ ಬಣ್ಣ ಕೊಡೋ ಕಣಗಳು ಮಗು ಹೊಟ್ಟೇಲಿ ಬೆಳೆಯುವಾಗ ಮೇಲಿನ ಪದರಕ್ಕೆ ಬರ್ಬೇಕು, ಕೆಲವು ದಾರೀಲೇ ಆಳದಲ್ಲಿ ಉಳ್ಕೊಳ್ತವೆ. ಅಷ್ಟು ಆಳದಲ್ಲಿರೋದ್ರಿಂದ ಕಂದು ಬಣ್ಣ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತೆ. ಒಳಗಿರೋದನ್ನ ಹೊರಗಿಂದ ತಿಕ್ಕಿದ್ರೆ ಹೆಂಗೆ ಹೋಗುತ್ತೆ ಹೇಳಿ. ಸಾಮಾನ್ಯವಾಗಿ 3ರಿಂದ 5 ವರ್ಷದೊಳಗೆ ಮಾಸುತ್ತೆ. ಏಟಿನ ಗುರುತಾದ್ರೆ ಮುಟ್ಟಿದ್ರೆ ನೋವಿರುತ್ತೆ, ಒಂದೆರಡು ವಾರದಲ್ಲಿ ಹಸಿರು ಹಳದಿ ತಿರುಗಿ ಹೋಗುತ್ತೆ, ಇದು ಹಂಗೆ ಬದಲಾಗಲ್ಲ, ನಾದಿನಿಗೆ ಇಷ್ಟು ಹೇಳಿ. ಮುಂದೆ ಬೇಬಿ ಸಿಟ್ಟಿಂಗ್‌ಗೆ ಬಿಡೋದಾದ್ರೆ ಡಾಕ್ಟ್ರ ಹತ್ರ ಮಗು ಬುಕ್ಕಲ್ಲಿ ಬರೆಸಿಟ್ಕೊಳ್ಳಿ.

ಕೆಂಪುದ್ದನ್ನ ಮಾತ್ರ ಈ ವಾರಾನೇ ತೋರಿಸಿ. ಹುಟ್ಟುವಾಗ ಇರ್ಲಿಲ್ಲ, ಆಮೇಲೆ ಬಂದು ಬೆಳೀತಿದೆ ಅಂದ್ರೆ ಅದು ಹೆಮಾಂಜಿಯೋಮ ಇರ್ಬೋದು, ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ. ಮೊದಲ ಮೂರು ತಿಂಗಳಲ್ಲೇ ಜೋರಾಗಿ ಬೆಳೆಯುತ್ತೆ, 5 ತಿಂಗಳಿಗೆ ಬೆಳೆಯೋದು ಹೆಚ್ಚುಕಮ್ಮಿ ಮುಗಿದಿರುತ್ತೆ. ನಿಮ್ಮ ಮಗು ಸರಿಯಾಗಿ ಆ ಜೋರಿನಲ್ಲೇ ಇದೆ. ರೆಪ್ಪೆ ಮೇಲೆ ಭಾರ ಬಿದ್ರೆ ಆ ಕಣ್ಣು ಸರಿಯಾಗಿ ನೋಡೋದನ್ನೇ ಕಲಿಯಲ್ಲ.

ಕುವೆಂಪುನಗರ_ಅಪ್ಪ:
ಸಿಸ್ಟರ್ ಬೇಜಾರ್ ಮಾಡ್ಕೋಬೇಡಿ ಆದ್ರೆ ಬಾಣಂತಿಗೆ ಯಾಕೆ ಗಾಬರಿ ಹುಟ್ಟಿಸ್ತೀರಾ. ನನ್ನ ಮಗಳಿಗೆ ಬೆನ್ನಲ್ಲಿ ಇಂಥದ್ದೇ ಇತ್ತು, ಸ್ಟ್ರಾಬೆರಿ ಥರ, ಡಾಕ್ಟ್ರು ಏನೂ ಮಾಡ್ಬೇಡಿ ಅಂದ್ರು, ಒಂದು ವರ್ಷ ಆದ್ಮೇಲೆ ಮಧ್ಯದಿಂದ ಬೂದಿ ಬಣ್ಣ ಬಂದು ಚಪ್ಪಟೆ ಆಗ್ತಾ ಹೋಯ್ತು, ಯುಕೆಜಿ ಹೊತ್ತಿಗೆ ಚರ್ಮ ಸ್ವಲ್ಪ ಸುಕ್ಕು ಬಿಟ್ರೆ ಏನಿಲ್ಲ.

ಸ್ಕಿನ್_ಓಪಿಡಿ_ಸಿಸ್ಟರ್:
ಸರ್ ನಿಮ್ಮ ಡಾಕ್ಟ್ರು ಹೇಳಿದ್ದು ಸರೀನೇ, ಬೆನ್ನಲ್ಲಿ ಸಣ್ಣದಿದ್ರೆ ನಾವೂ ಕಾಯಿರಿ ಅಂತೀವಿ. ಆದ್ರೆ ಇದು ಜಾಗದ ಪ್ರಶ್ನೆ. ಕಣ್ಣು, ಮೂಗಿನ ತುದಿ, ತುಟಿ, ಡೈಪರ್ ಜಾಗ (ಅಲ್ಲಿ ಒಡೆದು ಹುಣ್ಣಾಗುತ್ತೆ), ಗಡ್ಡ ಬರೋ ಜಾಗ (ಒಳಗೆ ಉಸಿರುದಾರೀಲೂ ಇರ್ಬೋದು), ಇಲ್ಲಿದ್ರೆ ಕಾಯೋ ಹಂಗಿಲ್ಲ. ಮೈ ಮೇಲೆ 5 ಅಥವಾ ಜಾಸ್ತಿ ಇದ್ರೆ ಲಿವರ್ ಸ್ಕ್ಯಾನ್ ಮಾಡಿಸ್ತಾರೆ.

ಔಷಧಿ ಇದೆ, ಪ್ರೊಪ್ರನೊಲಾಲ್, ಮೂಲತಃ ಬಿಪಿ, ಹಾರ್ಟ್‌ದು. ಫ್ರಾನ್ಸ್‌ನ ಬೋರ್ಡೋದಲ್ಲಿ ಒಂದು ಮಗುಗೆ ಹೃದಯದ ತೊಂದ್ರೆಗೆ ಕೊಟ್ಟಿದ್ದು, ಮುಖದ ಗಂಟು ಕರಗೋಕೆ ಶುರುವಾಯ್ತು, 2008ರಲ್ಲಿ ಆ ಡಾಕ್ಟ್ರುಗಳು ಪ್ರಕಟ ಮಾಡಿದ್ರು. ಅಲ್ಲೀತನಕ ಸ್ಟೀರಾಯ್ಡ್ ಕೊಡ್ತಿದ್ರು. ಆದ್ರೆ ಮೆಡಿಕಲ್ ಶಾಪಲ್ಲಿ ನೀವೇ ತಗೊಂಡು ಕೊಡೋ ಔಷಧಿ ಅಲ್ಲ ಇದು, ತೂಕ, ಹಾರ್ಟ್ ಎಲ್ಲ ನೋಡಿ ಅಳತೆ ಹಾಕ್ಬೇಕು.

ಪಾಂಡವಪುರದವ್ವ:
ಸಿಸ್ಟರ್, ನಮ್ ಅಕ್ಕನ್ ಮೊಮ್ಮಗೀಗೆ ಕತ್ತಿನ್ ಹಿಂದೆ ಕೆಂಪುಗಿರೋದು ಇದೇನಾ? ಅತ್ತಾಗ ಇನ್ನೂ ಕೆಂಪಾಯ್ತದೆ, ಉಬ್ಬಿಲ್ಲ.

ಸ್ಕಿನ್_ಓಪಿಡಿ_ಸಿಸ್ಟರ್:
ಹುಟ್ಟಿದಾಗಿಂದ ಇದ್ದು, ತಿಳಿ ಕೆಂಪು, ಚಪ್ಪಟೆ ಅಂದ್ರೆ ಅದು ಸಾಲ್ಮನ್ ಪ್ಯಾಚ್, ಏನಿಲ್ಲ. ಕತ್ತಿಂದು ಹೋಗದೇನೂ ಇರ್ಬೋದು, ಕೂದ್ಲು ಬಂದ್ರೆ ಯಾರಿಗೆ ಕಾಣುತ್ತೆ. ಮುಖದ ಒಂದೇ ಪಕ್ಕದಲ್ಲಿ ಹಣೆ, ರೆಪ್ಪೆ ಮೇಲೆಲ್ಲ ಬೀಟ್ರೂಟ್ ಬಣ್ಣ ಚಪ್ಪಟೆ ಇದ್ರೆ ಅದು ಪೋರ್ಟ್ ವೈನ್ ಸ್ಟೇನ್, ಹೋಗಲ್ಲ, ಕಣ್ಣಿನ ಪ್ರೆಶರ್ ಚೆಕ್ ಮಾಡಿಸ್ಲೇಬೇಕು. ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆ ಒಂದೆರಡಿದ್ರೆ ಪರ್ವಾಗಿಲ್ಲ, ಅರ್ಧ ಸೆಂಟಿಮೀಟರಿಗಿಂತ ದೊಡ್ಡವು 6 ಅಥವಾ ಜಾಸ್ತಿ ಇದ್ರೆ ತೋರಿಸಿ.

ಬಾಣಂತಿ_ಮದ್ದೂರು:
ಅಪ್‌ಡೇಟ್. ಓದಿದ ಮರುದಿನಾನೇ ಮೈಸೂರಿಗೆ ಕರ್ಕೊಂಡು ಹೋದ್ವಿ, ಹೆಮಾಂಜಿಯೋಮಾನೇ. ಕಣ್ಣಿನ ಡಾಕ್ಟ್ರೂ ನೋಡಿದ್ರು, ಸದ್ಯಕ್ಕೆ ದೃಷ್ಟಿಗೆ ಏನಾಗಿಲ್ಲ. ಔಷಧಿ ಶುರು ಮಾಡಿ ಹತ್ತು ದಿನ. ಪ್ರತಿ ಭಾನುವಾರ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೀತಿದೀನಿ, ಮೊದ್ಲು ಮೆಣಸಿನಕಾಯಿ ಕೆಂಪಿತ್ತು, ಈಗ ಮಂಕಾಗಿದೆ, ಮುಟ್ಟಿದ್ರೆ ಮೆತ್ತಗೆ. ದೇವರಿಟ್ಟ ಕುಂಕುಮ ಅಳಿಸ್ತಿದೀರಾ ಅಂತ ಅಜ್ಜಿ ಎರಡು ದಿನ ಮಾತಾಡ್ಲಿಲ್ಲ, ಈಗ ಅವ್ರೇ ಔಷಧಿ ಟೈಮ್ ನೆನಪಿಸ್ತಾರೆ. ಒಂದು ಡೌಟ್, ಔಷಧಿ ಹೊತ್ತಿಗೆ ಮಲಗಿಬಿಟ್ಟಿದ್ರೆ ನಿದ್ದೇಲೇ ಬಾಯಿಗೆ ಹಾಕ್ಲಾ?

ಸ್ಕಿನ್_ಓಪಿಡಿ_ಸಿಸ್ಟರ್:
ಬೇಡ ಬೇಡ, ಎಬ್ಬಿಸಿ ಹಾಲು ಕುಡಿಸಿ ಆಮೇಲೆ ಕೊಡಿ. ಖಾಲಿ ಹೊಟ್ಟೇಲಿ ಶುಗರ್ ಇಳಿದುಬಿಡುತ್ತೆ. ವಾಂತಿ ಮಾಡ್ಕೊಂಡ್ರೆ, ಹಾಲು ಬಿಟ್ರೆ, ಆ ಡೋಸ್ ಬಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ, ಮುಂದಿನ ಸಲ ಡಬಲ್ ಮಾತ್ರ ಕೊಡ್ಬೇಡಿ.