ಜೋತುಗಿವಿ ಮೊಲದ ಕಿವಿಯಲ್ಲಿ ಗುಗ್ಗೆ: ತೆಗೀಬೇಕಾ, ಬಿಡಬೇಕಾ?

ಗುಂಡನಮ್ಮ, ಮೈಸೂರು

ನಮ್ಮ ಗುಂಡ ಹಾಲೆಂಡ್ ಲಾಪ್ ಮೊಲ, ಎರಡು ವರ್ಷದ ಗಂಡು. ನಿನ್ನೆ ಕಿವಿಗೆ ಹುಲ್ಲಿನ ಚೂರು ಅಂಟಿತ್ತು. ತೆಗೆಯೋಣ ಅಂತ ಎತ್ತಿದರೆ ಎಡಗಿವಿಯೊಳಗೆ ಹಳದಿ ಮಿಶ್ರಿತ ಕಂದು ಗುಗ್ಗೆ. ಬಲಗಿವಿಯಲ್ಲಿ ಅಷ್ಟಿಲ್ಲ. ತಿನ್ನುವುದು, ಓಡುವುದು, ಸೋಫಾದ ಮೂಲೆ ಕಡಿಯುವುದು ಎಲ್ಲ ಮಾಮೂಲಿ. ಆಗಾಗ ಹಿಂಗಾಲಿನಿಂದ ಆ ಕಿವಿ ಕೆರೆದುಕೊಳ್ಳುತ್ತಾನೆ.

ಎರಡು ಹನಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಡು ಅಂತಾರೆ ಅತ್ತೆ. ಪೆಟ್ ಅಂಗಡಿಯವರು ನಾಯಿಗೆ ಹಾಕುವ ಇಯರ್ ಡ್ರಾಪ್ಸ್ ಕೊಟ್ಟು, ಮೊಲಕ್ಕೂ ನಡೆಯುತ್ತೆ ಅಂದರು. ಮನೆಯಲ್ಲಿ ಬಡ್ಸ್ ಡಬ್ಬಿಯೂ ಇದೆ. ಯಾವುದು ಮಾಡಲಿ?

ಕಡ್ಲೆಗಿಡ

ಮೊದಲು ಮೂರನ್ನೂ ಬದಿಗಿಡಿ. ಕೆಟ್ಟ ವಾಸನೆ ಇದೆಯಾ? ತಲೆ ಒಂದು ಕಡೆ ವಾಲಿದೆಯಾ?

ಗುಂಡನಮ್ಮ

ಎರಡೂ ಇಲ್ಲ.

ತಿಪಟೂರಿನವಳು

ನಮ್ಮ ಮನೆಯಲ್ಲಿ ನಾಲ್ಕು ಮೊಲ ಇವೆ, ಅದರಲ್ಲಿ ಎರಡು ಲಾಪ್, ಅಂದ್ರೆ ಜೋತುಗಿವಿಯವು. ತಿಪಟೂರಿನಲ್ಲಿದ್ದುಕೊಂಡು ಕೊಬ್ಬರಿ ಎಣ್ಣೆ ಬೇಡ ಅನ್ನುವುದು ಸ್ವಲ್ಪ ಕಷ್ಟವೇ. ಆದರೂ ಹೇಳ್ತೀನಿ, ಬೇಡ.

ಮೊಲದ ಕಿವಿಯ ನಾಳ ಮೊದಲು ನೇರ ಕೆಳಗಿಳಿಯುತ್ತದೆ, ಆಮೇಲೆ ಒಳಕ್ಕೆ ಅಡ್ಡ ತಿರುಗುತ್ತದೆ. ಕಿವಿಯ ತಮಟೆ ಇರುವುದು ಆ ತಿರುವಿನ ಆಚೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಬಡ್ ಹಾಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಮೊಲ ಒದ್ದಾಡಿತು ಅಂದ್ರೆ ತಮಟೆಗೇ ಪೆಟ್ಟು.

ನೆಟ್ಟಗಿವಿಯ ಮೊಲಗಳಲ್ಲಿ ಗುಗ್ಗೆ ತಾನಾಗಿಯೇ ಮೇಲಕ್ಕೆ ಬಂದು ಉದುರುತ್ತದೆ. ಸ್ವಲ್ಪ ಹಳದಿ ಇದ್ದರೆ ಅದು ರೋಗವೂ ಅಲ್ಲ, ಕೊಳೆಯೂ ಅಲ್ಲ. ಲಾಪ್‌ಗಳ ಪಾಡು ಬೇರೆ. ಕಿವಿ ಮಡಚಿಕೊಳ್ಳುವ ಬುಡದಲ್ಲೇ ನಾಳ ಕಿರಿದಾಗಿರುತ್ತದೆ, ಗುಗ್ಗೆ ಅಲ್ಲೇ ನಿಂತುಬಿಡುತ್ತದೆ. ಕೆಲವಕ್ಕೆ ಬುಡದಲ್ಲಿ ಕೀವುಗಡ್ಡೆ ಕಟ್ಟುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಎರಡೂ ಕಿವಿಯ ಬುಡವನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಒಂದು ಕಡೆ ಊದಿದ್ದರೆ, ಮುಟ್ಟಿದ ತಕ್ಷಣ ತಲೆ ಎಳೆದುಕೊಂಡರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ನೆಲದ ಮೇಲೆ ಕೂತು ನೋಡಿ, ಮೇಜಿನ ಮೇಲೆ ಬೇಡ. ಟವೆಲ್ಲಿನಲ್ಲಿ ಮೈ ಸುತ್ತಿ ತಲೆ ಮಾತ್ರ ಹೊರಗಿಡಿ, ಹಿಂಗಾಲು ಟವೆಲ್ ಒಳಗೇ ಇರಲಿ. ಮೊಲ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಕೆಲವರು ಬೆನ್ನ ಮೇಲೆ ಮಲಗಿಸುತ್ತಾರೆ, ಸುಮ್ನೆ ಬಿದ್ದಿರುತ್ತೆ ಅಂತ. ಅದು ನಿದ್ದೆಯಲ್ಲ, ಹೆದರಿ ಮರಗಟ್ಟಿರುವುದು. ನನಗೆ ಆ ವಿಡಿಯೋಗಳನ್ನು ಕಂಡರೇ ಆಗುವುದಿಲ್ಲ.

ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕಿವಿಯ ಹೊರಗಿನ ಅಗಲ ಭಾಗದ ಮೇಲೆ ಇರುವ ಗುಗ್ಗೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಗಾಜ್ ಬಟ್ಟೆಯಿಂದ ಒರೆಸಬಹುದು. ಅಷ್ಟೇ ನಮ್ಮ ಕೆಲಸ, ಅದರೊಳಗೆ ಹೋಗಬೇಡಿ.

ನಾಯಿ ಡ್ರಾಪ್ಸ್ ಹಿಂದಿರುಗಿಸಿ. ಅಂಥ ಎಷ್ಟೋ ಔಷಧಿಯಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೊಲಕ್ಕೆ ಒಗ್ಗುವುದಿಲ್ಲ. ತಮಟೆ ತೂತಾಗಿದ್ದರೆ ಕೆಲವು ಔಷಧಿ ಒಳಗಿವಿಗೆ ಇಳಿದು ಕೇಳುವ ಶಕ್ತಿಯನ್ನೇ ಕೆಡಿಸುತ್ತವೆ. ಗುಂಡ ಒಂದೇ ಕಿವಿ ಕೆರೆಯುತ್ತಿದ್ದಾನೆ ಅಂದಿರಲ್ಲ, ಅದಕ್ಕಾಗಿಯಾದರೂ ಒಮ್ಮೆ ತೋರಿಸಿ. ಎಲ್ಲ ಡಾಕ್ಟರೂ ಮೊಲ ನೋಡಿರುವುದಿಲ್ಲ, ಫೋನ್ ಮಾಡಿ ಕೇಳಿಯೇ ಹೋಗಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ಹಾಸನ, ಶಿವಮೊಗ್ಗದಲ್ಲೂ ಕಾಲೇಜುಗಳಿವೆ.

ಹಳ್ಳಿಹೈದ

ನಮ್ಮೂರಲ್ಲಿ ಮೊಲದ ಕಿವಿಗೆ ಬೇವಿನೆಣ್ಣೆ ಬಿಡ್ತಿದ್ದೆವು. ನುಸಿ ಹೋಗ್ತಿತ್ತು. ಎಲ್ಲದಕ್ಕೂ ಡಾಕ್ಟರ್ ಯಾಕೆ?

ತಿಪಟೂರಿನವಳು

ಎಣ್ಣೆಯಲ್ಲಿ ಮುಳುಗಿದ ನುಸಿ ಸಾಯಬಹುದು, ಇಲ್ಲ ಅನ್ನಲ್ಲ. ಆದರೆ ಅದು ಕಿವಿಯಲ್ಲಿ ಮಾತ್ರ ಇರುವುದಿಲ್ಲ. ಮೈಮೇಲೂ ಹರಡುತ್ತೆ, ಗೂಡಿನಲ್ಲಿ ಉದುರಿದ ಹೊಟ್ಟಿನಲ್ಲೂ ವಾರಗಟ್ಟಲೆ ಬದುಕಿರುತ್ತೆ. ಮೊಟ್ಟೆಯಿಂದ ಮೊಟ್ಟೆಯಿಡುವ ನುಸಿಯಾಗಲು ಸುಮಾರು 3 ವಾರ. ಎಣ್ಣೆ ನಿಲ್ಲಿಸಿದ ಮೇಲೆ ಮತ್ತೆ ಶುರು. ಮೊಲ ಬೇರೆ ಕಿವಿ ಒರೆಸಿಕೊಂಡು ಕಾಲು ನೆಕ್ಕುತ್ತೆ, ಎಣ್ಣೆ ಎಲ್ಲ ಹೊಟ್ಟೆಗೆ.

ಗುಂಡನಿಗಿರುವುದು ನುಸಿ ಅನ್ನಿಸುತ್ತಿಲ್ಲ. ನುಸಿಯಾದರೆ ಕಿವಿಯೊಳಗೆ ಕಂದು ಅವಲಕ್ಕಿಯನ್ನು ಪದರಪದರವಾಗಿ ಅಂಟಿಸಿದ ಹಾಗೆ ಹಕ್ಕಳೆ ಕಟ್ಟುತ್ತದೆ. ಕೆರೆತ, ತಲೆ ಒದರುವುದು ನಿಲ್ಲುವುದೇ ಇಲ್ಲ. ಆ ಹಕ್ಕಳೆಯನ್ನು ಕೀಳಲೇಬಾರದು. ಅಡಿಯಲ್ಲಿ ಹಸಿ ಚರ್ಮ ಇರುತ್ತೆ, ನೋವಿಗೆ ಮೊಲ ಕಿರುಚಿಬಿಡುತ್ತೆ. ಡಾಕ್ಟರು ತೂಕ ನೋಡಿ ಐವರ್‌ಮೆಕ್ಟಿನ್ ಇಂಜೆಕ್ಷನ್ ಕೊಡ್ತಾರೆ, ಇಲ್ಲವೇ ಕತ್ತಿನ ಹಿಂದೆ ಸೆಲಮೆಕ್ಟಿನ್ ಹಾಕ್ತಾರೆ, ಕೆಲವು ವಾರ ಬಿಟ್ಟು ಮತ್ತೆ ಕೊಡ್ತಾರೆ. ಹಕ್ಕಳೆ ತಾನಾಗಿ ಉದುರುತ್ತೆ. ಜೊತೆಗಿರುವ ಮೊಲಗಳಿಗೂ ಔಷಧಿ ಆಗಬೇಕು, ಗೂಡೂ ತೊಳೆಯಬೇಕು. ಬೆಕ್ಕು-ನಾಯಿಯ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಮಾತ್ರ ಮೊಲಕ್ಕೆ ಹಾಕಬೇಡಿ, ಜೀವವೇ ಹೋಗಬಹುದು.

ಹಳ್ಳಿಹೈದ

ಒಪ್ಪಿದೆ. ಫಿಪ್ರೊನಿಲ್ ವಿಷಯ ಗೊತ್ತಿರಲಿಲ್ಲ.

ಗುಂಡನಮ್ಮ

ತೋರಿಸಿಕೊಂಡು ಬಂದೆ. ಡಾಕ್ಟರು ಓಟೋಸ್ಕೋಪ್ ಹಾಕಿ ನೋಡಿದರು. ನುಸಿ ಇಲ್ಲ, ತಮಟೆ ಸರಿಯಾಗಿದೆ, ಬರೀ ಗುಗ್ಗೆ ನಿಂತಿದೆಯಂತೆ. ತೊಳೆಯಲು ಒಂದು ಬಾಟಲಿ ಕೊಟ್ಟಿದ್ದಾರೆ. ಅತ್ತೆಗೆ ಸ್ವಲ್ಪ ಬೇಜಾರು. ಹಾಕುವಾಗ ಏನು ನೋಡಿಕೊಳ್ಳಬೇಕು?

ತಿಪಟೂರಿನವಳು

ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗೆ ಬಿಟ್ಟರೆ ತಲೆ ತಿರುಗುತ್ತೆ. ಬಾಟಲಿಯ ಮೂತಿಯನ್ನು ನಾಳದೊಳಗೆ ತೂರಿಸಬೇಡಿ, ಕಿವಿನಾಳದ ಬಾಯಲ್ಲೇ ಬಿಡಿ. ಬುಡವನ್ನು ಮೆಲ್ಲಗೆ ತಿಕ್ಕಿ, ಆಮೇಲೆ ಕೈಬಿಟ್ಟು ಸ್ವಲ್ಪ ದೂರ ಕೂರಿ. ತಲೆ ಒದರಿದರೆ ಗೋಡೆಗೆಲ್ಲ ಹಾರುತ್ತೆ. ಹೊರಗೆ ಬಂದದ್ದನ್ನು ಗಾಜ್‌ನಿಂದ ಒರೆಸಿ. ಅವತ್ತು ಹುಲ್ಲು ತಿನ್ನುತ್ತಾನಾ, ಹಿಕ್ಕೆ ಹಾಕುತ್ತಾನಾ ನೋಡ್ತಾ ಇರಿ. ಎರಡರಲ್ಲಿ ಒಂದು ನಿಂತರೂ, ಇಲ್ಲ ತಲೆ ವಾಲಿದರೆ, ರಾತ್ರಿಯಾದರೂ ಸರಿ ಡಾಕ್ಟರಿಗೆ ಫೋನ್ ಮಾಡಿ. ಅತ್ತೆಗೆ ಹೇಳಿ, ಕೊಬ್ಬರಿ ಎಣ್ಣೆ ಬೇಕಾದರೆ ಇಲ್ಲಿಂದ ಒಳ್ಳೆಯದು ಕಳಿಸ್ತೀನಿ, ತಲೆಗೆ ಹಚ್ಚಿಕೊಳ್ಳಲಿ.