ಹಣ ಕೊಡುವವರು ಒಬ್ಬರೇ ಆದರೆ ಕಾಗದಪತ್ರದ ಕಾಟ ತಪ್ಪುತ್ತದೆಯೇ?

ಪ್ರಶ್ನೆ (ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು):
ಮಾನ್ಯರೇ, ಕಳೆದ ಆಷಾಢದಲ್ಲಿ ನಮ್ಮ ಮಾವನವರಿಗೆ ಸ್ಟೆಂಟ್ ಹಾಕಿಸಲು ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದಾಗ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲವೆಂದು ವಾಪಸ್ ಕಳುಹಿಸಿದರು. ಪತ್ರ ತಂದ ಮೇಲೆ, ಆಧಾರಿನಲ್ಲಿ ಹೆಸರಿನ ಮುಂದೆ ‘ಗೌಡ’ ಇದೆ, ರೇಷನ್ ಕಾರ್ಡಿನಲ್ಲಿ ಇಲ್ಲವೆಂದು ಮಳೆಯಲ್ಲಿ ಇನ್ನೆರಡು ದಿನ ಅಲೆಸಿದರು. ಒಂದು ಯೋಜನೆಗೇ ಇಷ್ಟು ಗೋಳಾದರೆ, ಕೆನಡಾದಂತೆ ಎಲ್ಲರ ಚಿಕಿತ್ಸೆಗೂ ಸರ್ಕಾರವೇ ಹಣ ಕೊಡುವ ವ್ಯವಸ್ಥೆಯಲ್ಲಿ ಅಧಿಕಾರಶಾಹಿ ಇನ್ನೆಷ್ಟು ಬೆಳೆದೀತು?

ಉತ್ತರ (ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದ ಮೇಲ್ವಿಚಾರಕ, ಶಿವಮೊಗ್ಗ):
ತಮ್ಮ ಆತಂಕ ಹೊಸದಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1962ರಲ್ಲಿ ಇಂಥ ವ್ಯವಸ್ಥೆ ಆರಂಭವಾದಾಗ, ವೈದ್ಯ ಮತ್ತು ರೋಗಿಯ ನಡುವೆ ಸರ್ಕಾರ ಬಂದು ಕೂರುತ್ತದೆಂದು ಅಲ್ಲಿನ ವೈದ್ಯರು 23 ದಿನ ಮುಷ್ಕರ ಹೂಡಿದ್ದರು. ಆದರೆ ಹಣ ಕೊಡುವುದು ಬೇರೆ, ಆಸ್ಪತ್ರೆ ನಡೆಸುವುದು ಬೇರೆ. ಬ್ರಿಟನ್ನಿನಲ್ಲಿ 1948ರಿಂದ ಸರ್ಕಾರ ಎರಡನ್ನೂ ಮಾಡುತ್ತಿದೆ. ಕೆನಡಾದಲ್ಲಿ ಹೆಚ್ಚಿನ ವೈದ್ಯರು ಸ್ವತಂತ್ರರಾಗಿಯೇ ಇದ್ದು, ನಿಗದಿತ ದರದಂತೆ ಪ್ರಾಂತ್ಯಕ್ಕೆ ಬಿಲ್ ಕಳುಹಿಸುತ್ತಾರೆ.

ಈಗ ನನ್ನ ಮೇಜಿನ ಕಥೆ ಕೇಳಿ. ಸ್ಟೆಂಟಿನ ಡಬ್ಬಿಯ ಸ್ಟಿಕ್ಕರನ್ನು ಕಿತ್ತು ಹಾಳೆಗೆ ಅಂಟಿಸುವ ಕೆಲಸ ಎಲ್ಲ ರೋಗಿಗಳಿಗೂ ಒಂದೇ. ಆದರೆ ಆ ಹಾಳೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಹೋಗಬೇಕೋ, ಸಹಕಾರ ಸಂಘಗಳ ಸದಸ್ಯರ ಯಶಸ್ವಿನಿಗೋ, ಕಾರ್ಮಿಕರ ವಿಮೆಯಾದ ಇಎಸ್‌ಐಗೋ, ಖಾಸಗಿ ವಿಮೆಗೋ ಎಂಬುದರ ಮೇಲೆ ದರ, ಅರ್ಜಿ, ಪೋರ್ಟಲ್ ಎಲ್ಲವೂ ಬದಲಾಗುತ್ತವೆ. ನಮ್ಮ ಸಿಬ್ಬಂದಿಯ ಅರ್ಧ ದಿನ ಇದಕ್ಕೇ ಹೋಗುತ್ತದೆ. ಹಣ ಕೊಡುವವರು ಒಬ್ಬರೇ ಆದರೆ ಈ ಕೆಲಸ ನಿಜವಾಗಿಯೂ ಕರಗುತ್ತದೆ.

ತಮ್ಮ ಎರಡು ದೂರುಗಳಲ್ಲಿ ರೇಷನ್ ಕಾರ್ಡಿನದು ತಾನಾಗಿ ಹೋಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಮೊತ್ತದ) ಶೇ. 30 ಮಾತ್ರ ಎಂದು ಭೇದವಿರುವುದರಿಂದಲೇ ನಾವು ರೇಷನ್ ಕಾರ್ಡನ್ನು ಅಷ್ಟು ತಿರುವಿ ಹಾಕುವುದು. ವಾಸವಿರುವ ಎಲ್ಲರಿಗೂ ಹಕ್ಕಿದ್ದರೆ ಆ ಕಾರ್ಡನ್ನು ಕೇಳುವ ಅಗತ್ಯವೇ ಇರುವುದಿಲ್ಲ.

ರೆಫರಲ್ ಮಾತ್ರ ಅಷ್ಟು ಸುಲಭಕ್ಕೆ ಹೋಗದು. ಕೆನಡಾದಲ್ಲಿಯೂ ತಜ್ಞರನ್ನು ಕಾಣಲು ಸಾಮಾನ್ಯವಾಗಿ ಕುಟುಂಬ ವೈದ್ಯರ ಪತ್ರ ಬೇಕು, ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು. 1995ರಿಂದ ಇದೇ ಬಗೆಯ ವ್ಯವಸ್ಥೆಯಿರುವ ತೈವಾನ್ ಬೇರೆ ದಾರಿ ಹಿಡಿದಿದೆ: ಪತ್ರವಿಲ್ಲದೆ ದೊಡ್ಡ ಆಸ್ಪತ್ರೆಗೆ ಹೋಗಬಹುದು, ಆದರೆ ಕೈಯಿಂದ ಸ್ವಲ್ಪ ಹೆಚ್ಚು ಕೊಡಬೇಕು. ನನಗೆ ಇದೇ ಹೆಚ್ಚು ಮರ್ಯಾದೆಯ ಕ್ರಮವೆನಿಸುತ್ತದೆ.

ಮರುಪ್ರಶ್ನೆ:
ಹಣ ಕೊಡುವ ಆ ಒಂದೇ ಕಿಟಕಿಯೂ ಮುಚ್ಚಿದರೆ?

ಉತ್ತರ:
ಅಪಾಯವಿರುವುದು ಅಲ್ಲಿಯೇ. ಪಾವತಿ ತಡವಾದರೆ ಅಥವಾ ದರ ತೀರ ಕಡಿಮೆಯಾದರೆ ಆಸ್ಪತ್ರೆಗೆ ಬೇರೆ ಗತಿಯಿರುವುದಿಲ್ಲ. ಅಂದಹಾಗೆ, ಎದೆನೋವಿನಂಥ ತುರ್ತು ಸಂದರ್ಭದಲ್ಲಿ ಈಗಲೂ ರೆಫರಲ್ ಬೇಕಿಲ್ಲ, ನೇರವಾಗಿ ಬನ್ನಿ. ರೇಷನ್ ಕಾರ್ಡಿನ ಹೆಸರನ್ನು ಮಾತ್ರ ಮುಂದಿನ ಮಳೆಗಾಲದೊಳಗೆ ತಿದ್ದಿಸಿಕೊಳ್ಳಿ.